ನಕಲು ಪ್ರತಿ

ಮುತ್ಯಾ ತೀರಿಕೊಂಡ ವರ್ಷ ಹುಟ್ಟಿದವರು ನಾವಿಬ್ಬರು.
ಹಿರೇರ ಮನ್ಯಾಗ ಅಂವ, ಕಿರೇರ ಮನ್ಯಾಗ ನಾ,
ನಡುವ ಹದಿನೆಂಟು ದಿನದ ಫರಕು.
ಮುತ್ಯಾನ ಹೆಸರು ಯಾರಿಗಿಡಬೇಕಂತ ಜಗಳ ಬಿದ್ದಾಗ
ಆಯಿ ಅಂದಿದ್ಲಂತ:
ಇಬ್ಬರಿಗೂ ಇಡ್ರಿ.
ಹೆಸರೇನು ರೊಟ್ಟಿ ಏನ್ರೋ, ಮುರದ್ರ ಕಮ್ಮಿ ಆಗ್ಲಾಕ?

ಶಹಾಬಾದ ಸಾಲಿ ಹಾಜರಿ ಪುಸ್ತಕದಾಗ
ಸಾಯಬಣ್ಣ ನಾಲವಾರ, ಅದರ ಕೆಳಗ
ಸಾಯಬಣ್ಣ ನಾಲವಾರ.
ಮಾಸ್ತರು ಒಬ್ಬನ್ನ ಕರದ್ರ ಇಬ್ಬರೂ ಏಳತಿದ್ವಿ.
ಬಡತ ಬೀಳು ದಿನ ಇಬ್ಬರೂ ಕುಂತೇ ಇರತಿದ್ವಿ.

ಆಮ್ಯಾಲ ಬಂತು ಫರಸಿ ಖಣಿ.
ಮುತ್ಯಾ ಉಳಿ ಇಟ್ಟು
ಹೋಳಿಗಿ ಪದರ ಬಿಡಿಸಿದಂಗ ಬಿಡಿಸಿದ ಕಲ್ಲು.
ಲಾರಿ ಪಾಲಾಯ್ತು, ಕಟಿಂಗ್ ಮಷೀನು ಪಾಲಾಯ್ತು,
ಬೇವಿನ ಗಿಡದ ಮುಂಜಾನಿ ನೆರಳು ನಮ್ಮ ಕಡಿ,
ಸಂಜಿ ನೆರಳು ಅವರ ಕಡಿ.
ಖಣಿ ಒಂದು ಉಳೀತು.
ಚಿತ್ತಾಪುರ, ಕಲಬುರಗಿ, ಈಗ ದಿಲ್ಲಿ.
ವಾದಿ ಸಾಯಬಣ್ಣ, ಪ್ರತಿವಾದಿ ಸಾಯಬಣ್ಣ,
ಕಾರಕೂನನ ನಗಿ ಎರಡೂ ಪಾರ್ಟಿಗೆ ಪುಕ್ಕಟ.
ಹನ್ನೊಂದು ವರ್ಷ ಮಾತಿಲ್ಲ.
ಎದುರ ಬಂದ್ರ ಅಂವ ಮೊಬೈಲ್ ನೋಡತಾನ,
ನಾ ನನ್ನ ಚಪ್ಪಲಿ.

ಬರೂದೇನು ಬ್ಯಾಡ ಅಂದಿದ್ದ ದಿಲ್ಲಿ ವಕೀಲ.
ಅಂವ ಹೊಂಟಾನಂತ ಕೇಳಿದೆ, ನಾನೂ ಹೊಂಟೆ.
ಸೂಪರ್ ಮಾರ್ಕೆಟಿನ ಅದೇ ಮೊಯಿಜ್ ಭಾಯಿ ಅಂಗಡಿ,
ಅದೇ ವಿಮಾನ, ಫೋನ್ ನಂಬರಿನ ಜಾಗಕ್ಕ
ಎರಡಕ್ಕೂ ಮೊಯಿಜ್ ಭಾಯಿಯದೇ ನಂಬರು.

ಸರಡಗಿ ವಿಮಾನ ನಿಲ್ದಾಣದಾಗ
ಕೌಂಟರಿನ ಹುಡುಗಿ ನನ್ನ ಆಧಾರ್ ನೋಡಿದಳು,
ಪರದೆ ನೋಡಿದಳು, ನನ್ನ ಮಾರಿ ನೋಡಿದಳು.
ಸರ್, ನಿಮ್ದು ಎರಡು ಸಲ ಬುಕ್ ಆಗಿತ್ತು.
ಡೂಪ್ಲಿಕೇಟ್ ಅಂತ ಒಂದನ್ನ ಸಿಸ್ಟಮ್ಮೇ ತಗದದ.
ನೀವು ಆಗಲೇ ಒಳಗ ಹೋಗೀರಿ.

ಗಾಜಿನ ಆಚಿಗಿ ನೋಡಿದೆ.
ಖರೇನೇ ನಾ ಒಳಗ ಕುಂತಿದ್ದೆ,
ತೊಡಿ ಮ್ಯಾಲ ಕೋರ್ಟಿನ ಫೈಲು,
ಮಾರಿಗೆ ಮುತ್ಯಾನ ಅಗಲ ಕಿವಿ,
ಒಂದು ಕಪ್ ಚಾಕ್ಕ ನೂರಾ ನಲವತ್ತು ಅಂದವನ ಜೋಡಿ
ನಾ ಮಾಡಬೇಕಿದ್ದ ಜಗಳ ಅಂವ ಮಾಡ್ಲತ್ತಿದ್ದ.

ಅಂವ ಬ್ಯಾರೆ ರೀ, ನಾ ಬ್ಯಾರೆ, ಅಂದೆ.
ಹಂಗಂತ ಹೇಳ್ಲಿಕ್ಕೇ
ಆಯಿಯ ಬಂಗಾರದ ಸರ ಮಾರೀನಿ,
ಮೂರು ಮಂದಿ ವಕೀಲರನ್ನ ಸಾಕೀನಿ.
ಹುಡುಗಿ ಪಾಪ, ಒಳ್ಳೆಕಿ. ಎಲ್ಲೆಲ್ಲಿಗೋ ಫೋನ್ ಹಚ್ಚಿದಳು.
ಸೀಟು ಆಗಲೇ ಮತ್ಯಾರಿಗೋ ಹೋಗಿತ್ತು.

ಹೊರಗ ನಿಂತು ನೋಡಿದೆ:
ತೊಗರಿ ಹೊಲದ ಮ್ಯಾಲಿಂದ
ಸಾಯಬಣ್ಣ ನಾಲವಾರ ದಿಲ್ಲಿಗಿ ಹೋದ.
ಆಟೋದವ, ಯಾರನ್ನ ಬಿಡ್ಲಾಕ ಬಂದಿದ್ರಿ? ಅಂದ.
ನನಗ ಹೇಳ್ಲಾಕ ಬರಲಿಲ್ಲ.

ದಿಲ್ಲಿನ್ಯಾಗ ತಾರೀಖು ಮುಂದ ಹಾಕಿದ್ರಂತ.

ಒಂಬತ್ತನೇ ದಿನ ಫೋನು.
ಆ ಕಡಿ ಕಲ್ಲು ಕೊಯ್ಯು ಮಷೀನಿನ ಸದ್ದು,
ಈ ಕಡೀನೂ ಅದೇ.
ಯಾರು? ಅಂದೆ, ಗೊತ್ತಿದ್ದೂ.
ನಾ... ಸಾಯಬಣ್ಣ.
ಹ್ಞಾಂ. ನಾನೂ.

ಸ್ವಲ್ಪ ಹೊತ್ತು ಮಷೀನುಗಳೇ ಮಾತಾಡಿದವು.

ಮೊಯಿಜ್ ಭಾಯಿ ಹೆಸರು ನೋಡಿ
ನಿನ್ನ ಟಿಕೀಟಿನ ರೊಕ್ಕ ನನ್ನ ಖಾತೆಕ್ಕ ಹಾಕ್ಯಾನ,
ನಾಕು ಸಾವಿರದ ನೂರಾ ಹನ್ನೆರಡು.
ನನಗ ಬ್ಯಾಡ ಅದು.
ಫೋನಿಗೇ ಹಾಕ್ಲಾ?

ಹಾಕು, ಅಂದೆ. ನಂಬರು?
ಅದ, ಅಂದ.

ಹನ್ನೊಂದು ವರ್ಷ ಆಗಿತ್ತು.
ನನ್ನ ಫೋನಿನ್ಯಾಗ ಅಂವ "ಎದುರ ಪಾರ್ಟಿ".
ನನ್ನ ಅಂವ ಯಾವ ಹೆಸರಿಲೆ ಇಟ್ಕೊಂಡಾನೋ,
ಕೇಳಬೇಕಂತ ಬಾಯಿ ತಗದೆ.
ಅಷ್ಟರಾಗ ರೊಕ್ಕ ಬಂದ ಸಪ್ಪಳಾತು:
ಸಾಯಬಣ್ಣ ನಾಲವಾರ ಅವರಿಂದ
ಸಾಯಬಣ್ಣ ನಾಲವಾರ ಅವರಿಗೆ.