ಹನ್ನೊಂದು ರೂಪಾಯಿ ಬಾಕಿ

ಖಲಂದರ್ ಅದನ್ನು ಕಂಡದ್ದು ನಜರ್‌ಬಾದಿನ ಒಂದು ಹಿತ್ತಲಲ್ಲಿ.
ಕೋಳಿಗೂಡು ಅಂದುಕೊಂಡೆವು. ಹೌದು, ಕೋಳಿಗೂಡೇ:
ಹಿಂದಿನ ಸೀಟಿನಲ್ಲಿ ಮೂರು ಮೊಟ್ಟೆ,
ಸ್ಟೀರಿಂಗಿನ ಮೇಲೆ ಕೂತು ನಮ್ಮನ್ನು ದಿಟ್ಟಿಸಿದ ಹುಂಜ,
ಅದರ ಕೆಳಗೆ ಐವತ್ತೊಂದರ ಮಾರಿಸ್ ಮೈನರ್.

ಎರಡು ವರ್ಷದ ಭಾನುವಾರಗಳನ್ನೆಲ್ಲ ಅದರ ಹೊಟ್ಟೆಗೆ ಸುರಿದೆವು.
ಲಿಯೋನಾರ್ಡನ ಟ್ಯೂಷನ್ ದುಡ್ಡು,
ರೈಲ್ವೆ ವರ್ಕ್‌ಶಾಪಿನಲ್ಲಿ ನಾನು ಕಲಿತ ಬೆಸುಗೆ,
ಚೆಲುವಾಜಮ್ಮಣ್ಣಿಯ ಬೈಗುಳ.
ತಿರುವಿಗೆ ಬಂದಾಗ ಬಾಗಿಲ ಪಕ್ಕದಿಂದ ಚಾಚುವ ಆ ಪುಟ್ಟ ಕೆಂಪು ಕೈ ಇದೆಯಲ್ಲ,
ಒಂದಕ್ಕೆ ಹೋಗಬೇಕು ಸಾರ್ ಅನ್ನುವ ಹುಡುಗನ ಹಾಗೆ,
ಅದೊಂದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಮೆರವಣಿಗೆಯ ಬೆಳಿಗ್ಗೆ ನಮ್ಮ ಮುಂದೆ ಒಂದು ಬ್ಯೂಕ್,
ಹಿಂದೆ ಬೆಣ್ಣೆಬಣ್ಣದ ಡಾಡ್ಜ್, ಅದರೊಳಗೆ ಪೇಟ ಸುತ್ತಿದ ಡಾಕ್ಟರು.
ಅಮ್ಮಣ್ಣಿ ಅಜ್ಜಿಯ ಕಾಲದ ಜರಿಸೀರೆಯುಟ್ಟು ಸ್ಟೀರಿಂಗ್ ಹಿಡಿದಳು.
ಕೂದಲಲ್ಲೊಂದು ಕೋಳಿಗರಿ. ನಾವು ಹೇಳಲಿಲ್ಲ.
ಆನೆಯ ವೇಗ. ಈ ಊರಿನ ಮೆರವಣಿಗೆಗೆ
ಬೇರೆ ವೇಗ ಗೊತ್ತಿಲ್ಲ.
ಎಂಜಿನ್ನಿಗೆ ಅದು ಗೊತ್ತಿರಲಿಲ್ಲ.

ಹಾರ್ಡಿಂಜ್ ಸರ್ಕಲ್ಲಿನಲ್ಲಿ ಬಾನೆಟ್ಟು ಇಡ್ಲಿ ಪಾತ್ರೆಯಾಯಿತು.
ಎಳನೀರಿನವನು ಓಡಿ ಬಂದು ಒಂದು ಕಾಯಿ ಕೊಚ್ಚಿ ಹಿಡಿದ.
'ಉಪ್ಪಿರುತ್ತೆ, ಬೇಡ' ಅಂದ ಖಲಂದರ್,
ಆಮೇಲೆ ತಾನೇ ಕುಡಿದ.
ಬ್ಯೂಕ್ ದೂರವಾಯಿತು. ಡಾಡ್ಜ್ ಹಾರ್ನ್ ಹೊಡೆಯಿತು.
ಇಳಿದು ತಳ್ಳತೊಡಗಿದೆವು, ಮೂವರು ಅರವತ್ತು ದಾಟಿದವರು.
ಜನ ಚಪ್ಪಾಳೆ ತಟ್ಟಿದರು,
ಇದೂ ಒಂದು ಐಟಂ ಅಂದುಕೊಂಡು.

ಆಗ ಹಗ್ಗದಡಿ ನುಸುಳಿ ಬಂದ ಮುದುಕ
ನಂಬರ್ ಪ್ಲೇಟಿನ ಮೇಲೆ ಬೆರಳಿಟ್ಟ.
'ಇದೇ ಕಣ್ರಪ್ಪಾ. ಇದೇ ಗಾಡಿ.
ಅರವತ್ತೆರಡರಾಗೆ ನನ್ನ ಸೈಕಲ್ಲಿಗೆ ಗುದ್ದಿ
ಚಕ್ರ ಅಷ್ಟಾವಕ್ರ ಮಾಡಾಕ್ತು.
ಹನ್ನೊಂದು ರೂಪಾಯಿ. ನಾಳೆ ಕೊಡ್ತೀನಿ ಅಂದ್ರು ಆ ಸಾಹೇಬ್ರು.'

ಯಾವ ಸಾಹೇಬರೋ. ನಾವಂತೂ ಅಲ್ಲ ಅಂದೆವು.
'ಗಾಡಿ ನಿಮ್ದು ತಾನೇ?'
ಅದಕ್ಕೆ ಉತ್ತರವಿರಲಿಲ್ಲ. ಬಾಗಿಲು ತೆಗೆದೆವು.
ಪುಟ್ಟಸೋಮಯ್ಯ ಹಿಂದಿನ ಸೀಟಿನಲ್ಲಿ ಕೂತ,
ಚಪ್ಪಲಿ ಕಳಚಿ ತೊಡೆಯ ಮೇಲಿಟ್ಟುಕೊಂಡು.

ಕೆ.ಆರ್. ಸರ್ಕಲ್ಲಿನವರೆಗೆ ಅವನನ್ನು ತಳ್ಳಿದೆವು.
ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಮಾತಾಡುತ್ತಲೇ ಇದ್ದ,
ನಮಗೆ ಉಸಿರಿರಲಿಲ್ಲ, ಕೇಳಿದೆವು ಅಷ್ಟೇ.
ತಂತಿ ಹಂಚುವ ಹುಡುಗನಾಗಿದ್ದನಂತೆ ಆಗ, ಹದಿನೇಳು ವರ್ಷ.
ಚೀಲದಲ್ಲಿ ಒಂದೇ ಒಂದು ತಂತಿ, ಒಂಟಿಕೊಪ್ಪಲಿನ ವಿಳಾಸ.
ಬಾಗಿದ ಚಕ್ರವನ್ನು ಹೆಗಲ ಮೇಲೆ ಹೊತ್ತು
ನಡೆದೇ ಹೋದ. ಎರಡು ತಾಸು ತಡ.
'ಬಾಗ್ಲಲ್ಲಿ ನಿಂತೆ. ಒಳಗೆ ಒಬ್ಬಟ್ಟು ಬೇಯ್ತಿತ್ತು.
ಯಾರೋ ಜೋರಾಗಿ ನಗ್ತಿದ್ರು, ನಿಲ್ಸಕ್ಕಾಗ್ದಂಗೆ.
ತಂತೀಲಿ ಏನಿದೆ ಅಂತ ನಂಗೆ ಗೊತ್ತಿತ್ತು. ನಮಗೆಲ್ಲ ಗೊತ್ತಾಗ್ತಿತ್ತು.
ಸೈಕಲ್ ಸರಿಯಿದ್ದಿದ್ರೆ
ಆ ಒಬ್ಬಟ್ಟು ಕಣಕದಲ್ಲೇ ನಿಂತೋಗ್ತಿತ್ತು.'

ಆಮೇಲೆ ತುಸು ಹೊತ್ತು ಸುಮ್ಮನಿದ್ದು, 'ನಿಧಾನ ತಳ್ರಪ್ಪಾ,' ಅಂದ.
ಹಿಂದಿನ ಡಾಡ್ಜ್ ಹಾರ್ನ್ ನಿಲ್ಲಿಸಿತ್ತು, ಯಾಕೋ.
ಲಿಯೋನಾರ್ಡ್ ಕನ್ನಡಕ ಒರೆಸಿಕೊಂಡ, ಬೆವರು ಅಂದ.

ತಿರುವಿನಲ್ಲಿ ಕೆಂಪು ಕೈ ಹೊರಚಾಚಿತು,
ಮತ್ತೆ ಒಳಗೆ ಹೋಗಲಿಲ್ಲ.
ಅಮ್ಮಣ್ಣಿ ಗುದ್ದಿದಳು, ಬೈದಳು. ಇಲ್ಲ.
ಸಯ್ಯಾಜಿರಾವ್ ರಸ್ತೆಯುದ್ದಕ್ಕೂ
ತಿರುಗದೇ ತಿರುಗುವುದಾಗಿ ಹೇಳುತ್ತಲೇ ಹೋದೆವು.

ಮಾರ್ಕೆಟ್ಟಿನ ಹತ್ತಿರ ಇಳಿಸಿ, ಐನೂರರ ನೋಟು ಹಿಡಿದ ಖಲಂದರ್.
ಮುದುಕ ಅದನ್ನು ನೋಡಲೂ ಇಲ್ಲ.
ಹನ್ನೊಂದು ಅಂದರೆ ಹನ್ನೊಂದು.
ಹೂವಿನವಳ ಹತ್ತಿರ ಚಿಲ್ಲರೆ ಮಾಡಿಸಿ ಕೊಟ್ಟೆವು.
ಎರಡು ಸಲ ಎಣಿಸಿದ. 'ರಸೀದಿ ಬೇಕಾ?' ಅಂದ.

ಬೇಕು ಅಂದಳು ಅಮ್ಮಣ್ಣಿ.
ನಮ್ಮ ಎದೆಯ ನಂಬರ್ ಚೀಟಿಯ ಬೆನ್ನಿಗೆ ಬರೆದುಕೊಟ್ಟ,
ತಂತಿಯ ಹಾಗೆ, ಒಂದೊಂದು ಮಾತಿಗೂ ದುಡ್ಡು ಬಿದ್ದೀತೆಂಬಂತೆ:
'ಬಂತು. ಬಾಕಿ ಇಲ್ಲ. ಪು.ಸೋ.'