ಜುಲೈ ಒಂದು, ವಿನ್ನಿಪೆಗ್

‘ಏಳು ವರ್ಷವಂತೆ! ಆ ಮುರುಕು ಮಂಡಿಗೆ!’
ಓರೆಸ್ಟ್ ಕಾಫಿ ಲೋಟ ಕುಕ್ಕಿದ.
ಹೊರಗೆ ಬಿಸಿಲು, ಸೊಳ್ಳೆ. ರಿಂಕಿನಲ್ಲಿ
ಮಂಜುಗಡ್ಡೆ ಹೋಗಿ ಬರೀ ಸಿಮೆಂಟು.

ಗೇತಾನ್ ಮಾತ್ರ ಎದ್ದ,
ಪೊರಕೆ ತಿರುವಿ ಹಿಡಿದು ತೋರಿಸಿದ:
‘ಹೀಗೆ ಬರ್ತಾನೆ ನೋಡು, ಹೀಗೆ,
ಗೋಲ್‌ಕೀಪರ್ ಎಡಕ್ಕೆ ಬಿದ್ದಮೇಲೆ ಬಲಕ್ಕೆ’
ಸಕ್ಕರೆ ಡಬ್ಬಿ ಉರುಳಿತು.

‘ತಿನ್ನು, ಮನಸ್ಸಿನ ಮಂಡಿಗೆ ತಿನ್ನು.
ಹೋದ ಸಲದವನೂ ಹೀಗೇ ಹೊಡೆದಿದ್ದ
ಪೊರಕೆಯಲ್ಲಿ.’

ಒಡೆಟ್ ಬಾಯಿ ಬಿಡಲಿಲ್ಲ.
ತೊಡೆಯ ಮೇಲೆ ತೀರಿಕೊಂಡ ಗಂಡನ ಜೆರ್ಸಿ;
ಬೆನ್ನ ತುಂಬ, ಕಿತ್ತ ಹೆಸರುಗಳ ಸೂಜಿತೂತು
ಒಂದರ ಮೇಲೊಂದು.
ಹೊಸಬನ ಮೊದಲಕ್ಷರ ಇಟ್ಟು ನೋಡಿದಳು,
ಕಣ್ಣು ಕಿರಿದು ಮಾಡಿ
ಸೂಜಿಗೆ ನೂಲು ಪೋಣಿಸಿದಳು.

‘ಹೊಲೀತೀನಿ. ಸ್ವಲ್ಪ ಸಡಿಲ ಇರಲಿ.
ಡಿಸೆಂಬರ್ ಬರಲಿ, ನೋಡೋಣ.’