ಪರದೆಯ ಕೆಳಗಿನ ಪಟ್ಟಿ

ಪ್ರತಿ ಜನವರಿ, ಹಿಮ ಕೆಸರಾಗುವ ಮೊದಲೇ,
ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುತ್ತೇನೆ.
ವರ್ಷದ್ದೆಲ್ಲ ಒಂದೇ ಗಂಟಾಗಿ ಕಟ್ಟಿದರೆ ರಿಯಾಯಿತಿ.
ಮುನ್ನೂರರ ಹತ್ತಿರ ಝ್ಲೋಟಿ, ಸರ್ಕಾರಿ ಟೀವಿಗೆ, ರೇಡಿಯೋಗೆ.
ಈ ಬೀದಿಯಲ್ಲಿ ಕಟ್ಟುವವನು ನಾನೊಬ್ಬನೇ.
"ಅವರ ಸುಳ್ಳಿಗೆ ನಮ್ಮ ಕಾಸೇ, ತೆಓಫಿಲ್?"
ಪಕ್ಕದ ಮನೆಯವನು ನಗುತ್ತಾನೆ.

ಮೂವತ್ತೊಂದು ವರ್ಷ ಪೊಜ್ನಾನಿನ ಟ್ರಾಮು ಓಡಿಸಿದವನು ನಾನು.
ಟಿಕೆಟ್ಟಿಲ್ಲದೆ ಹತ್ತಿದವನಿಗೆ
ಡ್ರೈವರನ್ನು ಬೈಯುವ ಹಕ್ಕಿಲ್ಲ.
ಕಟ್ಟುತ್ತೇನೆ. ಆಮೇಲೆ ಬೈಯುತ್ತೇನೆ.

ಹಿಂದೆ ಅದೇ ರೇಡಿಯೋ ಮಧ್ಯಾಹ್ನ
ನದಿಗಳ ಮಟ್ಟ ಓದುತ್ತಿತ್ತು, ಊರಿಂದೂರಿಗೆ, ಸೆಂಟಿಮೀಟರಿನಲ್ಲಿ.
ನಮ್ಮ ವಾರ್ತಾ ನದಿಯ ಸರದಿ ಬಂದಾಗ
ಚಮಚ ಕೆಳಗಿಟ್ಟು ಕೇಳುತ್ತಿದ್ದಳು ನನ್ನ ಹೆಂಡತಿ.
ಯಾರೇ ಆಳಲಿ, ನೀರಿಗೆ ಕ್ರಿಯಾಪದ ಎರಡೇ:
ಏರಿತು. ಇಳಿಯಿತು.

ಪರದೆಯ ಕೆಳಗೆ ಕೆಂಪು ಪಟ್ಟಿ ಓಡುತ್ತದಲ್ಲ,
ಅದನ್ನು ಬರೆಯುವವಳು ನನ್ನ ಕಿರಿಮಗಳು, ಯೊವಿತಾ.
ವಾರ್ಸಾದಲ್ಲಿ, ಕಿಟಕಿಯಿಲ್ಲದ ಕೋಣೆ, ರಾತ್ರಿ ಪಾಳಿ.
ಎಂಬತ್ತು ಅಕ್ಷರ ಮೀರುವಂತಿಲ್ಲ.
ಎಲ್ಲ ಇರೋದು ಕ್ರಿಯಾಪದದಲ್ಲಿ ಅಪ್ಪಾ, ಅನ್ನುತ್ತಿದ್ದಳು:
ನಮ್ಮವರು ಹೇಳುತ್ತಾರೆ, ಅವರು ಕಿಡಿಕಾರುತ್ತಾರೆ.
ನಮ್ಮವರು ಸ್ಪಷ್ಟಪಡಿಸುತ್ತಾರೆ, ಅವರು ಬಾಯಿಬಿಡುತ್ತಾರೆ.
ನಮ್ಮ ಜನ ಸೇರುತ್ತದೆ, ಅವರದು ಜಮಾಯಿಸುತ್ತದೆ.
ಲಾಠಿ ಬೀಸಿದವರು ನಮ್ಮವರಾದರೆ
ಕರ್ಮಣಿ ಪ್ರಯೋಗ: ಗುಂಪು ಚದುರಿಸಲ್ಪಟ್ಟಿತು.

ಶಿಕ್ಷಕರು ಮುಷ್ಕರ ಹೂಡಿದ ವಸಂತ.
ದೊಡ್ಡವಳು, ರೆನಾತಾ, ಭೂಗೋಳದ ಟೀಚರು,
ಸಂಜೆಯ ವಾರ್ತೆಯಲ್ಲಿ ನಾಲ್ಕು ಸೆಕೆಂಡು ಕಂಡಳು,
ಕೊರಳಿಗೆ ಅವಳಮ್ಮನ ಹಸಿರು ಸ್ಕಾರ್ಫು.
ಕೆಳಗೆ ಓಡಿತು:
ಕೊನೆಗೂ ಬಯಲು! ಮಕ್ಕಳ ಭವಿಷ್ಯ ಒತ್ತೆಯಿಟ್ಟವರು!
ಮೇಲೆ ದೊಡ್ಡವಳ ಮುಖ, ಕೆಳಗೆ ಚಿಕ್ಕವಳ ಅಕ್ಷರ.
ಆ ವರ್ಷ ಅಕ್ಕತಂಗಿ ಒಟ್ಟಿಗಿದ್ದದ್ದು ಅಷ್ಟೇ ಹೊತ್ತು.

'ಕೊನೆಗೂ' ಕಂಡದ್ದೇ ಗೊತ್ತಾಯಿತು. ಅದು ಅವಳ ಪದ.
ಹಾಲುಹಲ್ಲು ಬಿದ್ದರೆ ಕೊನೆಗೂ, ಹಿಮ ಬಿದ್ದರೆ ಕೊನೆಗೂ,
ಪಾಳಿ ಮುಗಿಸಿ ನಾನು ಬಂದರೆ ಬಾಗಿಲಲ್ಲೇ
ಮೊಣಕಾಲು ತಬ್ಬಿ, ಕೊನೆಗೂ!

ಕ್ರಿಸ್ಮಸ್ಸಿಗೆ ಬಂದಾಗ ಕೇಳಿದೆ, ಮೀನಿನ ಮುಳ್ಳು ಬಿಡಿಸುತ್ತಾ.
"ಹಳಿ ಹಾಕಿದ್ದು ನೀನಾ ಅಪ್ಪಾ?
ಹಾಕಿದ ಹಳಿಯ ಮೇಲೆ ಓಡಿಸಿದೆ. ನಾನೂ ಅಷ್ಟೇ."
ಉತ್ತರ ಹೊಳೆದದ್ದು ಅವಳ ರೈಲು ಹೊರಟ ಮೇಲೆ:
ಹಳಿ ನಾನು ಹಾಕಲಿಲ್ಲ ಮಗಳೇ,
ಅದರ ಮೇಲೆ ಯಾರಾದರೂ ನಿಂತಿದ್ದರೆ
ಗಂಟೆ ಬಾರಿಸುತ್ತಿದ್ದೆ.

ಆಮೇಲೆ ಸರ್ಕಾರ ಬಿತ್ತು.
ವಾರ್ತೆಯವಳು ಬದಲಾದಳು, ಹಿಂದಿನ ಗೋಡೆ ತಿಳಿನೀಲಿಯಾಯಿತು,
ಕೆಂಪು ಪಟ್ಟಿ ಸಭ್ಯವಾಗಿ ಬೂದಾಯಿತು.
"ಇನ್ನು ನೋಡಬಹುದಪ್ಪಾ, ಈಗ ಅದು ನಮ್ಮದು"
ಫೋನಿನಲ್ಲಿ ರೆನಾತಾ.
ನಮ್ಮದು.
ಕನ್ನಡಕ ಒರೆಸಿಕೊಂಡು ಕೂತೆ.
ಮೊನ್ನೆವರೆಗೆ ಸ್ಪಷ್ಟಪಡಿಸುತ್ತಿದ್ದವರು ಬಾಯಿಬಿಡತೊಡಗಿದ್ದರು.
ಟ್ರ್ಯಾಕ್ಟರು ತಂದ ರೈತರು ಜಮಾಯಿಸಿದ್ದರು.
ಬೂದು ಪಟ್ಟಿ ಓಡಿತು:
ಕೊನೆಗೂ ನಿಷ್ಪಕ್ಷಪಾತ ಸುದ್ದಿ.

ಕೆಲಸ ಉಳಿಯಿತಲ್ಲೇ, ಯೊವಿತಾ.
ಅಪ್ಪನಾಗಿ ನಿಟ್ಟುಸಿರು ಬಿಟ್ಟೆ.
ದುಡ್ಡು ಕಟ್ಟಿದವನಾಗಿ ಎದ್ದು ನಿಂತು ಬೈದೆ,
ಬೆಕ್ಕು ಮಂಚದಡಿ ಓಡುವಷ್ಟು.

ಈ ಜನವರಿ ಕೌಂಟರಿನ ವಿಯೆಸ್ವಾವಾ
ಗುರುತಿನ ಚೀಟಿ ನೋಡಿ ಮುಖ ಅರಳಿಸಿದಳು:
"ಎಪ್ಪತ್ತೈದು ತುಂಬಿತು! ಇನ್ನು ನೀವು ಕಟ್ಟಬೇಕಿಲ್ಲ, ಮನ್ನಾ."
ಇರಲಿ, ತಗೊಳ್ಳಮ್ಮ.
"ಕಂಪ್ಯೂಟರು ತಗೊಳ್ಳಲ್ಲ."
ನನ್ನ ಹಿಂದೆ ಸಾಲು ಕೆಮ್ಮಿತು.
ನೋಟು ಮಡಚಿ ಒಳಜೇಬಿಗಿಟ್ಟೆ.

ಟ್ರಾಮು ಬಂತು. ಅದೂ ಈಗ ನನಗೆ ಪುಕ್ಕಟೆ.
ಹತ್ತಿ, ಕಿಟಕಿಯ ಬದಿ ಕೂತೆ.
ಮಾರುಕಟ್ಟೆಯ ತಿರುವಿನಲ್ಲಿ ಹುಡುಗ ವೇಗ ತಗ್ಗಿಸಲಿಲ್ಲ,
ಮುದುಕಿಯೊಬ್ಬಳ ಸೇಬು ಉರುಳಿದವು.
ಬಾಯಿಗೆ ಬಂದ ಮಾತು
ಬಾಯಲ್ಲೇ ಉಳಿಯಿತು.